ಸರ್ವೀಸ್ ದಾಖಲೆ ಇಲ್ಲದ ಹಳೆಯ ಮೋಟಾರ್ ಸೈಕಲ್ : ಕೊಳ್ಳಬಹುದೇ?

ಹಾಲನ್ನು ಡೇರಿಗೆ ಮುಟ್ಟಿಸಲು, ಸೊಪ್ಪು-ತರಕಾರಿಯನ್ನು ಸಂತೆಗೆ ಒಯ್ಯಲು, ರಾತ್ರಿ ಕರೆಂಟು ಬಂದಾಗ ತೋಟಕ್ಕೆ ಹೋಗಿ ಪಂಪ್‌ಸೆಟ್ ಚಾಲೂ ಮಾಡಲು ಇಂದು ರೈತ ಕುಟುಂಬಗಳಿಗೆ ಮೋಟಾರ್ ಸೈಕಲ್ ಅವಶ್ಯಕವಾಗಿದೆ. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲವಾದ್ದರಿಂದ ಐದಾರು ವರ್ಷ ಓಡಿದ ಗಾಡಿಯನ್ನು ಕೊಳ್ಳುವುದು ವಾಡಿಕೆ. ಇಂತಹ ಅನೇಕ ಗಾಡಿಗಳಿಗೆ ಸರ್ವೀಸ್ ಪುಸ್ತಕವೇ ಇರುವುದಿಲ್ಲ. ಉಚಿತ ಸರ್ವೀಸುಗಳು ಮುಗಿದ ಮೇಲೆ ಗಾಡಿ ಊರಿನ ಮೆಕ್ಯಾನಿಕ್ ಕೈಗೆ ಬರುತ್ತದೆ. ಅಲ್ಲಿ ರಸೀದಿ ಬರೆಯುವ ಪದ್ಧತಿ ಕಡಿಮೆ.

ಪುಸ್ತಕವಿಲ್ಲವೆಂದ ಮಾತ್ರಕ್ಕೆ ಗಾಡಿಯನ್ನು ತಳ್ಳಿಹಾಕಬೇಕಾಗಿಲ್ಲ. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಅದರ ಚರಿತ್ರೆಯನ್ನು ಬರೆದುಕೊಡಿ ಎಂದು ಕೇಳುವುದಿಲ್ಲ. ಹಲ್ಲು, ಗೊರಸು, ಹೆಗಲು ನೋಡಿ, ನಾಲ್ಕು ಹೆಜ್ಜೆ ನಡೆಸಿ ತೀರ್ಮಾನಿಸುತ್ತಾರೆ. ಗಾಡಿಯನ್ನೂ ಹಾಗೆಯೇ ಪರೀಕ್ಷಿಸಬಹುದು. ಆದರೆ ಎರಡು ಬಗೆಯ ಕೊರತೆಗಳನ್ನು ಬೇರೆ ಬೇರೆಯಾಗಿ ತಿಳಿಯುವುದು ಅಗತ್ಯ. ಸರ್ವೀಸ್ ದಾಖಲೆಯ ಕೊರತೆ ಬೆಲೆಗೆ ಸಂಬಂಧಿಸಿದ್ದು. ಚೌಕಾಸಿಯಿಂದ ಅದನ್ನು ಸರಿದೂಗಿಸಬಹುದು. ಒಡೆತನದ ದಾಖಲೆಯ ಕೊರತೆ ಹಾಗಲ್ಲ. ಅಂತಹ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಮೊದಲು ಕಾಗದಪತ್ರ

ಗಾಡಿ ನೋಡಲು ಹೋಗುವ ಮೊದಲೇ ನೋಂದಣಿ ಸಂಖ್ಯೆಯನ್ನು ಪಡೆದು ‘ಎಂ-ಪರಿವಾಹನ್’ ಆ್ಯಪ್‌ನಲ್ಲಿ ನೋಡಬೇಕು. ನೋಂದಣಿಯಾದ ದಿನಾಂಕ, ವಿಮೆಯ ಅವಧಿ ಮೊದಲಾದ ವಿವರಗಳು ಅಲ್ಲಿ ದೊರೆಯುತ್ತವೆ. ನಂತರ ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆ ಹಾಗೂ ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲೆ ಕೆತ್ತಿರುವ ಸಂಖ್ಯೆಗಳೊಡನೆ ಒಂದೊಂದು ಅಕ್ಷರವಾಗಿ ತಾಳೆ ನೋಡತಕ್ಕದ್ದು. ಚಾಸಿ ಸಂಖ್ಯೆ ಸಾಮಾನ್ಯವಾಗಿ ಹ್ಯಾಂಡಲ್ ಕೆಳಗಿನ ಕುತ್ತಿಗೆ ಭಾಗದಲ್ಲಿರುತ್ತದೆ. ಅಲ್ಲಿ ಅರ ಹಾಕಿ ಉಜ್ಜಿದ ಗುರುತು ಕಂಡರೆ ಮಾತು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಹಳ್ಳಿಗಳಲ್ಲಿ ಒಂದು ಗಾಡಿ ಮೂರು ನಾಲ್ಕು ಕೈ ಬದಲಾದರೂ ಆರ್.ಸಿ. ಮೊದಲ ಮಾಲೀಕರ ಹೆಸರಿನಲ್ಲೇ ಉಳಿದಿರುವುದುಂಟು. ಖಾಲಿ ನಮೂನೆಗಳಿಗೆ ಅವರು ಎಂದೋ ಹಾಕಿಕೊಟ್ಟ ಸಹಿಯೇ ಕೈಯಿಂದ ಕೈಗೆ ದಾಟುತ್ತಿರುತ್ತದೆ. ಇದು ಕೊಳ್ಳುವವರಿಗಷ್ಟೇ ಅಲ್ಲ, ಮಾರುವವರಿಗೂ ಅಪಾಯ. ಅಪಘಾತದ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವ ವ್ಯಕ್ತಿಯ ಮೇಲೆಯೇ ಬರುತ್ತದೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ನೀಡಿದೆ. ಆದ್ದರಿಂದ ಆರ್.ಸಿ.ಯಲ್ಲಿ ಹೆಸರಿರುವವರೇ ಎದುರಿಗೆ ಕುಳಿತು ನಮೂನೆ 29 ಮತ್ತು 30ಕ್ಕೆ ಸಹಿ ಮಾಡಬೇಕು. ಅವರು ತೀರಿಕೊಂಡಿದ್ದರೆ ವಾರಸುದಾರರು ನಮೂನೆ 31ರಲ್ಲಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಾಗುತ್ತದೆ. ಸಾಲದಲ್ಲಿ ಕೊಂಡ ಗಾಡಿಯಾದರೆ ಸಾಲ ಕೊಟ್ಟ ಸಂಸ್ಥೆಯ ಬೇಬಾಕಿ ಪತ್ರ ಮತ್ತು ಅದರ ಸಹಿಯುಳ್ಳ ನಮೂನೆ 35 ಬೇಕು. ಕಂತು ಮುಗಿಯಿತೆಂಬ ಬಾಯಿಮಾತು ಸಾಲದು. ಗಡಿ ತಾಲ್ಲೂಕುಗಳಲ್ಲಿ ಹೊರರಾಜ್ಯದ ಗಾಡಿಗಳು ಅಗ್ಗಕ್ಕೆ ಸಿಗುವುದುಂಟು. ಅವಕ್ಕೆ ನಿರಾಕ್ಷೇಪಣಾ ಪತ್ರದ ಜೊತೆಗೆ ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕಾದ್ದರಿಂದ ಅಗ್ಗವೆಂಬುದು ಉಳಿಯುವುದಿಲ್ಲ.

ಮೀಟರಿನ ಲೆಕ್ಕ

ಎಷ್ಟು ಓಡಿದೆ ಎಂಬುದಕ್ಕೆ ಮೀಟರೊಂದನ್ನೇ ನಂಬಲಾಗದು. ಅದನ್ನು ಬದಲಾಯಿಸಬಹುದು, ಕೇಬಲ್ ಕಡಿದು ತಿಂಗಳುಗಟ್ಟಲೆ ನಿಂತೂ ಇರಬಹುದು. ಮಾರುವವರ ದಿನಚರಿಯನ್ನು ಕೇಳಿ ಲೆಕ್ಕ ಹಾಕುವುದು ಸುಲಭ. ಡೇರಿ ನಾಲ್ಕು ಕಿಲೋಮೀಟರ್ ದೂರವಿದ್ದು, ಬೆಳಿಗ್ಗೆ ಸಂಜೆ ಹೋಗಿಬಂದರೆ ದಿನಕ್ಕೆ 16 ಕಿ.ಮೀ. ಆಯಿತು, ವರ್ಷಕ್ಕೆ 5,840. ಆರು ವರ್ಷದಲ್ಲಿ ಡೇರಿಯ ಓಡಾಟವೇ 35,000 ಕಿ.ಮೀ. ಮೀರುತ್ತದೆ. ಮೀಟರು 14,000 ತೋರಿಸುತ್ತಿದ್ದರೆ ಎಲ್ಲೋ ತಪ್ಪಿದೆ. ಕಾಲಿಡುವ ರಬ್ಬರು, ಹ್ಯಾಂಡಲ್ ಹಿಡಿ, ಬ್ರೇಕ್ ಪೆಡಲಿನ ಸವಕಲು ಸುಳ್ಳು ಹೇಳುವುದಿಲ್ಲ. ಟಯರಿನ ಪಕ್ಕದಲ್ಲಿ ಅದು ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳಿರುತ್ತವೆ. 2319 ಎಂದರೆ 2019ರ 23ನೆಯ ವಾರ. ಹತ್ತು ಸಾವಿರ ಕಿ.ಮೀ. ಮಾತ್ರ ಓಡಿದೆ ಎನ್ನುವ ಗಾಡಿಗೆ ಎರಡನೆಯ ಜೊತೆ ಟಯರು ಏಕೆ ಬೇಕಾಯಿತೆಂದು ಕೇಳಬೇಕು.

ಎಂಜಿನ್ ತಣ್ಣಗಿರುವಾಗಲೇ ನೋಡುವುದು

ಬೆಳಗಿನ ಹೊತ್ತು ಬರುವುದಾಗಿಯೂ, ಅದಕ್ಕೆ ಮುಂಚೆ ಗಾಡಿಯನ್ನು ಚಾಲೂ ಮಾಡಬಾರದೆಂದೂ ಮಾರುವವರಿಗೆ ತಿಳಿಸಬೇಕು. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ತೊಂದರೆಯನ್ನು ಮರೆಮಾಡಲು ಮೊದಲೇ ಓಡಿಸಿರಬಹುದು. ಇನ್ನೊಂದು ದಿನ ಬರುವುದು ಮೇಲು.

ಚಾಲೂ ಮಾಡುವ ಮುಂಚೆ ಎಂಜಿನ್ ಆಯಿಲನ್ನು ಪರೀಕ್ಷಿಸಬೇಕು. ಬಣ್ಣ ಕಪ್ಪಾಗಿರುವುದೇ ದೋಷವಲ್ಲ. ಆದರೆ ಮಟ್ಟ ತೀರ ಇಳಿದಿದ್ದರೆ, ಬೆರಳಲ್ಲಿ ಉಜ್ಜಿದಾಗ ಲೋಹದ ಮಿನುಗು ಪುಡಿ ಕಂಡರೆ, ಅಥವಾ ಹಾಲು ಬೆರೆತ ಕಾಫಿಯಂತೆ ಕಂಡರೆ ಎಚ್ಚರ ವಹಿಸಬೇಕು. ಕೊನೆಯದು ಆಯಿಲಿಗೆ ನೀರು ಸೇರಿದುದರ ಗುರುತು. 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಬಂದಂತಹ ನೆರೆಯಲ್ಲಿ ಮುಳುಗಿದ ಗಾಡಿಗಳನ್ನು ತೊಳೆದು ಮಾರುವುದು ಅಸಾಧ್ಯವೇನಲ್ಲ. ಹೆಡ್‌ಲೈಟಿನ ಒಳಗೆ, ಸೀಟಿನ ಕೆಳಗೆ, ವೈರುಗಳ ಜೋಡಣೆಯಲ್ಲಿ ಒಣಗಿದ ಕೆಸರು ಉಳಿದಿರುತ್ತದೆ.

ಚಾಲೂ ಮಾಡಿದ ಮೇಲೆ ಸೈಲೆನ್ಸರಿನ ಹೊಗೆಯನ್ನು ಗಮನಿಸಬೇಕು. ಚಳಿಯಲ್ಲಿ ಮೊದಲ ಕೆಲವು ನಿಮಿಷ ಬರುವ ತೆಳು ಬಿಳಿ ಹಬೆ ಬರಿಯ ನೀರಾವಿ. ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿ ಉರಿಯುತ್ತಿದೆಯೆಂದು ಅರ್ಥ; ಬಹುಮಟ್ಟಿಗೆ ಕಾರ್ಬುರೇಟರ್ ಅಥವಾ ಏರ್ ಫಿಲ್ಟರ್ ಸರಿಪಡಿಸಿದರೆ ಹೋಗುತ್ತದೆ. ನೀಲಿ ಹೊಗೆಯೇ ದುಬಾರಿ. ಅದು ಎಂಜಿನ್ ಆಯಿಲ್ ಉರಿಯುವುದರಿಂದ ಬರುತ್ತದೆ. ಚಾಲೂ ಮಾಡಿದಾಗ ಮಾತ್ರ ಬಂದು ನಿಂತರೆ ವಾಲ್ವ್ ಸೀಲು ಸವೆದಿರಬಹುದು. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಬಂದರೆ ಪಿಸ್ಟನ್ ರಿಂಗು, ಸಿಲಿಂಡರ್ ಸವೆದಿವೆ ಎಂದೇ ತಿಳಿಯಬೇಕು.

2020ರ ಏಪ್ರಿಲ್‌ನಿಂದೀಚೆಗೆ ಜಾರಿಗೆ ಬಂದ ಬಿ.ಎಸ್.-6 ಗಾಡಿಗಳಲ್ಲಿ ಸಾಮಾನ್ಯವಾಗಿ ಕಾರ್ಬುರೇಟರ್ ಬದಲು ಇಂಜೆಕ್ಷನ್ ವ್ಯವಸ್ಥೆಯಿದೆ. ಬೀಗದ ಕೈ ತಿರುಗಿಸಿದಾಗ ಎಂಜಿನ್ ಸೂಚನಾ ದೀಪ ಹತ್ತಿ, ಚಾಲೂ ಆದ ಮೇಲೆ ಆರಬೇಕು. ಹತ್ತದೆಯೇ ಇದ್ದರೆ ದೀಪವನ್ನೇ ಕಿತ್ತಿರುವ ಸಂಶಯವಿದೆ. ಇದರ ದುರಸ್ತಿಗೆ ಪರೀಕ್ಷಾ ಯಂತ್ರ ಬೇಕಾಗುವುದರಿಂದ, ಹತ್ತಿರದಲ್ಲಿ ಅಂತಹ ವರ್ಕ್‌ಷಾಪ್ ಇಲ್ಲದ ಊರುಗಳಲ್ಲಿ ಹಳೆಯ ಕಾರ್ಬುರೇಟರ್ ಗಾಡಿಯೇ ಅನುಕೂಲವೆನ್ನಬಹುದು. ಆದರೆ ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುವುದರಿಂದ ಹಳೆಯ ಗಾಡಿಯ ರಬ್ಬರ್ ಪೈಪುಗಳು ಬಿರುಕು ಬಿಟ್ಟಿವೆಯೇ, ಟ್ಯಾಂಕಿನೊಳಗೆ ತುಕ್ಕಿದೆಯೇ ಎಂದು ಟಾರ್ಚ್ ಬಿಟ್ಟು ನೋಡಬೇಕು. (ಬೆಂಕಿಕಡ್ಡಿ ಗೀರಿ ನೋಡುವ ಸಾಹಸ ಬೇಡ.)

ಹೊರೆ ಹೊತ್ತ ಗಾಡಿ

ಎರಡು 40 ಲೀಟರಿನ ಕ್ಯಾನು ತುಂಬಿದರೆ ಹಾಲಿನ ತೂಕವೇ 82 ಕಿಲೋ. ಕ್ಯಾನಿನ ತೂಕ ಬೇರೆ. ವರ್ಷಗಟ್ಟಲೆ ಇದನ್ನು ಹೊತ್ತ ಗಾಡಿಯ ಹಿಂಭಾಗ ಬಳಲಿರುತ್ತದೆ. ಕ್ಯಾನಿನ ಸ್ಟ್ಯಾಂಡನ್ನು ಬಿಚ್ಚಿ ಬಣ್ಣ ಬಳಿದಿದ್ದರೂ ವೆಲ್ಡಿಂಗ್ ಗುರುತು ಕೈಗೆ ತಗಲುತ್ತದೆ. ಹಿಂದಿನ ಚಾಸಿಯ ಬಿರುಕು, ಸಡಿಲವಾದ ಅರಗಳು, ಎಣ್ಣೆ ಒಸರುವ ಶಾಕ್ ಅಬ್ಸಾರ್ಬರ್ ಇವುಗಳನ್ನು ನೋಡಬೇಕು. ಗೊಬ್ಬರದ ಚೀಲ ಹೊತ್ತ ಗಾಡಿಯಲ್ಲಿ ಸೀಟಿನ ಕೆಳಗೆ ತುಕ್ಕು ಹೆಚ್ಚು. ಚೈನನ್ನು ಹಿಂದಿನ ಸ್ಪ್ರಾಕೆಟಿನ ಹಿಂಬದಿಯಿಂದ ಎಳೆದಾಗ ಹಲ್ಲು ಅರ್ಧದಷ್ಟು ಹೊರಗೆ ಕಂಡರೆ ಚೈನು-ಸ್ಪ್ರಾಕೆಟ್ ಎರಡನ್ನೂ ಬದಲಾಯಿಸಬೇಕು. ದಿಬ್ಬ ಹತ್ತುವಾಗ ಎಂಜಿನ್ ಮೊರೆದರೂ ವೇಗ ಏರದಿದ್ದರೆ ಕ್ಲಚ್ ಪ್ಲೇಟು ಸವೆದಿದೆ. ಸಮ ರಸ್ತೆಯಲ್ಲಿ ಹ್ಯಾಂಡಲನ್ನು ಹಗುರವಾಗಿ ಹಿಡಿದಾಗ ಗಾಡಿ ಒಂದೇ ಕಡೆ ಎಳೆದರೆ ಬಿದ್ದ ಗಾಡಿಯಾಗಿರುವ ಸಂಭವವಿದೆ. ಬ್ರೇಕು, ದೀಪ, ಹಾರ್ನ್‌ಗಳ ದುರಸ್ತಿ ಸಣ್ಣ ಖರ್ಚಿನದು.

ಬೆಲೆ ಕಟ್ಟುವ ಬಗೆ

ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯುವುದು ಉತ್ತಮ. ಅವರು ಮಾರುವವರ ಪರಿಚಯದವರಾಗಿರಬಾರದು. ಬದಲಾಯಿಸಬೇಕಾದ ಭಾಗಗಳನ್ನು ಪಟ್ಟಿ ಮಾಡಿ ಬಿಡಿಭಾಗದ ಅಂಗಡಿಯಲ್ಲಿ ದರ ಬರೆಸಿಕೊಳ್ಳಬೇಕು. ಅದೇ ಮಾದರಿಯ, ಅದೇ ವರ್ಷದ, ದಾಖಲೆಯುಳ್ಳ ಗಾಡಿ 40,000 ರೂ.ಗೆ ಸಿಗುತ್ತದೆಂದೂ, ಪಟ್ಟಿಯ ಮೊತ್ತ 6,500 ರೂ. ಆಯಿತೆಂದೂ ಇಟ್ಟುಕೊಳ್ಳೋಣ. ದಾಖಲೆಯಿಲ್ಲದ ಗಾಡಿ 33,500ಕ್ಕಿಂತ ಹೆಚ್ಚು ಬಾಳದು. ಕಣ್ಣಿಗೆ ಕಾಣದ ಎಂಜಿನ್ ದೋಷಕ್ಕೆಂದು ಇನ್ನೂ ಮೂರು ನಾಲ್ಕು ಸಾವಿರ ಇಳಿಸಿ ಕೇಳುವುದು ನ್ಯಾಯವೇ. ಆಯಿಲಿನಲ್ಲಿ ಲೋಹದ ಪುಡಿ, ನಿಲ್ಲದ ನೀಲಿ ಹೊಗೆ, ಚಾಸಿಯ ಕುತ್ತಿಗೆಯಲ್ಲಿ ವೆಲ್ಡಿಂಗ್, ನೆರೆಯ ಕೆಸರು ಇವುಗಳಲ್ಲಿ ಒಂದಿದ್ದರೂ ಈ ಲೆಕ್ಕ ಅನ್ವಯಿಸದು. ಅಂತಹ ಗಾಡಿಯನ್ನು ಬಿಡುವುದೇ ಸರಿ.

ಕೊಂಡ 30 ದಿನಗಳೊಳಗೆ ಹೆಸರು ವರ್ಗಾವಣೆಗೆ ಸಾರಿಗೆ ಕಚೇರಿಗೆ ಅರ್ಜಿ ಸಲ್ಲಿಸಬೇಕು. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು 14 ದಿನಗಳ ಅವಧಿಯಿದೆ. ಹಿಂದಿನವರು ಆಯಿಲ್ ಎಂದು ಬದಲಾಯಿಸಿದ್ದರೆಂದು ಹೇಳಿದ್ದರೂ ಮೊದಲ ದಿನವೇ ಹೊಸ ಆಯಿಲ್ ಹಾಕಿಸಿ, ಏರ್ ಫಿಲ್ಟರ್ ಮತ್ತು ಸ್ಪಾರ್ಕ್ ಪ್ಲಗ್ ಪರೀಕ್ಷಿಸಿ, ದಿನಾಂಕ ಮತ್ತು ಮೀಟರಿನ ಅಂಕಿಯನ್ನು ಬರೆದಿಡಬೇಕು. ಸುಮಾರು 500 ಕಿ.ಮೀ. ಓಡಿದ ಮೇಲೆ ಆಯಿಲನ್ನು ಮತ್ತೊಮ್ಮೆ ಬದಲಾಯಿಸಿ, ಇಳಿಸಿದ್ದನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿದರೆ ಎಂಜಿನ್ನಿನ ಸ್ಥಿತಿ ಇನ್ನಷ್ಟು ಸ್ಪಷ್ಟವಾಗುತ್ತದೆ.