ಕಲ್ಪಿತ ಪ್ರಾಣಿಗಳ ಹೊಟ್ಟೆಪಾಡು

ಪಂಚತಂತ್ರದಲ್ಲಿ ಭಾರುಂಡವೆಂಬ ಹಕ್ಕಿಯ ಕಥೆಯೊಂದುಂಟು. ಆ ಹಕ್ಕಿಗೆ ಕೊರಳು ಎರಡು, ಮುಖ ಎರಡು. ಉದರ ಮಾತ್ರ ಒಂದೇ. ಒಂದು ಮುಖಕ್ಕೆ ಎಲ್ಲಿಯೋ ಅಮೃತದಂತಹ ಹಣ್ಣು ದೊರೆಯಿತು. ಇನ್ನೊಂದು ಮುಖವು ಪಾಲು ಬೇಡಿದರೂ ಅದು ಕೊಡಲಿಲ್ಲ. ಆ ಸಿಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡ ಎರಡನೆಯ ಮುಖವು ಮುಂದೊಂದು ದಿನ ಹಟದಿಂದ ವಿಷಫಲವನ್ನು ನುಂಗಿತು. ವಿಷವಿಳಿದುದು ಒಂದೇ ಹೊಟ್ಟೆಗೆ. ಸತ್ತುದು ಎರಡು ಮುಖಗಳೂ. ನಾವು ಅಧ್ಯಾಪಕವೃತ್ತಿಯಲ್ಲಿದ್ದಷ್ಟು ಕಾಲವೂ ಈ ಕಥೆಯನ್ನು ಮಕ್ಕಳಿಗೆ ಹೇಳಿ, ಐಕಮತ್ಯವೇ ಬಲವೆಂಬ ನೀತಿಯನ್ನು ಬರೆಯಿಸಿ ಪುಸ್ತಕವನ್ನು ಮುಚ್ಚುತ್ತಿದ್ದೆವು. ಅದರಲ್ಲಿ ದೇಹಧರ್ಮದ ವಿಚಾರವೊಂದು ಅಡಗಿದೆಯೆಂಬುದು ನಮಗೆ ಹೊಳೆದುದು ಈಚೆಗೆ. ಅದನ್ನು ಹೊಳೆಯಿಸಿದವನು ಎಂಟು ವರ್ಷದ ನಮ್ಮ ಮೊಮ್ಮಗ.

ಒಂದು ಸಂಜೆ ಅವನು ಪಡಸಾಲೆಯಲ್ಲಿ ಕುಳಿತು ವಿಡಿಯೊ ಗೇಮ್ ಆಡುತ್ತಿದ್ದನು. ಅದನ್ನು ಎತ್ತಿಟ್ಟು ಪಾಠ ಓದೆಂದು ಗದರಿಸಲು ನಾವು ಬಾಯಿ ತೆರೆಯುವಷ್ಟರಲ್ಲಿ ಅವನೇ ತಲೆಯೆತ್ತಿ, “ತಾತ, ಈ ಹಕ್ಕಿಗೆ ಎರಡು ತಲೆ. ಒಂದು ತಲೆ ಊಟ ಮಾಡಿದರೆ ಇನ್ನೊಂದಕ್ಕೂ ಹಸಿವು ಹೋಗುತ್ತದೆಯೆ?” ಎಂದು ಕೇಳಿದನು. ನೋಡಿದರೆ ಡೊಡುವೊ ಎಂಬ ಹೆಸರಿನ, ಹಾರಲಾರದ, ಓಟದಲ್ಲಿ ಬಲು ಚುರುಕಾದ ಪಕ್ಷಿಯೊಂದು ತೆರೆಯ ಮೇಲೆ ನಿಂತಿದ್ದಿತು. ಗದರಿಕೆಯನ್ನು ನುಂಗಿಕೊಂಡು ಭಾರುಂಡದ ಕಥೆಯನ್ನು ಹೇಳಿದೆವು. ಅಂದಿನಿಂದ ಹಲವು ಸಂಜೆಗಳು ಅವನೂ ನಾವೂ ಕೂಡಿ ಆ ಆಟದ ಪ್ರಾಣಿಗಳನ್ನು ಒಂದೊಂದಾಗಿ ವಿಚಾರಣೆಗೆ ಗುರಿಮಾಡಿದೆವು. ಅದರ ಫಲವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಟದ ಹೆಸರು ಪೊಕೆಮಾನ್. ಇದು ಜಪಾನಿನಲ್ಲಿ ೧೯೯೬ರ ಫೆಬ್ರವರಿಯಲ್ಲಿ ಹೊರಬಂದಿತು. ಇದನ್ನು ಕಲ್ಪಿಸಿದವರು ೧೯೬೫ರಲ್ಲಿ ಹುಟ್ಟಿದ ಸತೋಶಿ ತಾಜಿರಿ ಎಂಬವರು. ಟೋಕಿಯೋ ನಗರದ ಹೊರವಲಯದ ಮಾಚಿದಾ ಎಂಬಲ್ಲಿ ಬೆಳೆದ ಅವರಿಗೆ ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಹಾಕುವ ಗೀಳು ಇದ್ದಿತು. ನಗರವು ಬೆಳೆದಂತೆ ಆ ಗದ್ದೆಗಳೂ ಕೊಳಗಳೂ ಕಟ್ಟಡಗಳ ಪಾಲಾದುವು. ತಾವು ಪಟ್ಟ ಆನಂದವನ್ನು ಮುಂದಿನ ಮಕ್ಕಳಿಗೆ ಆಟದ ರೂಪದಲ್ಲಿಯಾದರೂ ಉಳಿಸಬೇಕೆಂಬುದು ಅವರ ಹಂಬಲವಾಗಿದ್ದಿತು. ಮೊದಲು ೧೫೧ ಇದ್ದ ಪ್ರಾಣಿಗಳು ಈಗ ಸಾವಿರವನ್ನು ಮೀರಿವೆ. ಪ್ರತಿಯೊಂದಕ್ಕೂ ಎತ್ತರ, ತೂಕ, ನಡೆನುಡಿಗಳನ್ನು ಬರೆದಿಟ್ಟ ಪಟ್ಟಿಯುಂಟು.

ಈ ಪಟ್ಟಿಯು ಮಕ್ಕಳ ಬಾಯಲ್ಲಿ ಹೇಗೆ ನೆಲೆಸಿದೆಯೆಂಬುದನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಆಂಡ್ರೂ ಬಾಮ್‌ಫರ್ಡ್ ಮತ್ತು ಸಂಗಡಿಗರು ಪರೀಕ್ಷಿಸಿ, ೨೦೦೨ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ೪ರಿಂದ ೧೧ ವರ್ಷದ ೧೦೯ ಮಂದಿ ಬ್ರಿಟಿಷ್ ಮಕ್ಕಳಿಗೆ ಅವರು ತಮ್ಮ ನಾಡಿನ ಗಿಡಮರ ಪ್ರಾಣಿಗಳ ಚಿತ್ರಗಳನ್ನೂ ಪೊಕೆಮಾನ್ ಚಿತ್ರಗಳನ್ನೂ ತೋರಿಸಿದರು. ಎಂಟು ವರ್ಷದ ಮಕ್ಕಳು ನಿಜವಾದವುಗಳಲ್ಲಿ ನೂರಕ್ಕೆ ೫೩ನ್ನು ಮಾತ್ರ ಗುರುತಿಸಿದರು. ಕಲ್ಪಿತವಾದವುಗಳಲ್ಲಿ ನೂರಕ್ಕೆ ೭೮ನ್ನು ಗುರುತಿಸಿದರು. ಮಕ್ಕಳಿಗೆ ನೆನಪಿನ ಶಕ್ತಿ ಸಾಲದೆಂದು ಇನ್ನು ಯಾರೂ ದೂರುವಂತಿಲ್ಲ. ಆ ಶಕ್ತಿಯು ಮನೆಯ ಹಿತ್ತಿಲನ್ನು ಬಿಟ್ಟು ಬೇರೆಡೆಗೆ ಹರಿದಿದೆ, ಅಷ್ಟೆ. ಅದನ್ನು ತಿರುಗಿ ಹಿತ್ತಿಲಿಗೆ ತರುವುದು ಹೇಗೆ? ಆಟವನ್ನು ಕಸಿದುಕೊಳ್ಳುವುದು ಒಂದು ಮಾರ್ಗ. ಕಲ್ಪಿತ ಪ್ರಾಣಿಯನ್ನೇ ನಿಲ್ಲಿಸಿ, “ನೀನು ನಿಜವಾಗಿ ಬದುಕಬೇಕಾದರೆ ನಿನ್ನ ಭಾರವನ್ನು ಹೇಗೆ ಹೊರುವೆ? ಏನನ್ನು ತಿನ್ನುವೆ? ನಿನ್ನ ಶಕ್ತಿಯು ಎಲ್ಲಿಂದ ಬರುವುದು?” ಎಂದು ಕೇಳುವುದು ಇನ್ನೊಂದು ಮಾರ್ಗ. ನಾವು ಎರಡನೆಯದನ್ನು ಹಿಡಿದೆವು.

ಮೊದಲು ಭಾರದ ವಿಚಾರ. ಆಟದಲ್ಲಿ ವೇಲಾರ್ಡ್ ಎಂಬ ತಿಮಿಂಗಿಲವಿದೆ. ಉದ್ದ ೧೪.೫ ಮೀಟರ್, ತೂಕ ೩೯೮ ಕಿಲೋಗ್ರಾಂ. ಮೊಮ್ಮಗನಿಗೆ ಇದು ಭಾರಿ ತೂಕವೆಂದೇ ತೋರಿತು. ಆದರೆ ಅದು ಉಳುವ ಎತ್ತೊಂದರ ತೂಕಕ್ಕಿಂತ ಹೆಚ್ಚಲ್ಲ! ಹೆಚ್ಚುಕಡಮೆ ಅಷ್ಟೇ ಉದ್ದವಾದ ನಿಜವಾದ ಹಂಪ್‌ಬ್ಯಾಕ್ ತಿಮಿಂಗಿಲವು ಸುಮಾರು ೩೦ ಟನ್ನು ತೂಗುವುದು. ಕಾರಣವನ್ನು ಗೆಲಿಲಿಯೋ ೧೬೩೮ರಲ್ಲಿಯೇ ವಿವರಿಸಿರುವನು. ಒಂದು ವಸ್ತುವಿನ ಅಳತೆಯನ್ನು ಎಲ್ಲ ಕಡೆಗೂ ಇಮ್ಮಡಿಸಿದರೆ ಅದರ ಮೇಲ್ಮೈ ನಾಲ್ಮಡಿಯಾಗುವುದು, ತೂಕವಾದರೋ ಎಂಟುಮಡಿಯಾಗುವುದು. ಜೆ. ಬಿ. ಎಸ್. ಹಾಲ್ಡೇನರು ೧೯೨೬ರಲ್ಲಿ ಇದನ್ನೇ ಹಿಡಿದು, ಯಾವ ಪ್ರಾಣಿಗೆ ಯಾವ ಗಾತ್ರವು ತಕ್ಕುದೆಂಬ ಪ್ರಸಿದ್ಧ ಪ್ರಬಂಧವನ್ನು ಬರೆದರು. ಇವರೇ ೧೯೫೭ರಲ್ಲಿ ನಮ್ಮ ದೇಶಕ್ಕೆ ಬಂದು ನೆಲೆಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು.

ಅಷ್ಟು ದೊಡ್ಡ ಮೈಯಲ್ಲಿ ಎತ್ತಿನ ತೂಕ ಮಾತ್ರವಿದ್ದರೆ ಆ ವೇಲಾರ್ಡ್ ಗಾಳಿ ತುಂಬಿದ ಚೀಲದಂತೆ ನೀರಿನ ಮೇಲೆ ತೇಲೀತೇ ಹೊರತು ಎಂದಿಗೂ ಮುಳುಗಲಾರದು. ಪಟ್ಟಿಯಾದರೋ ಅದು ಒಂದೇ ಉಸಿರಿನಲ್ಲಿ ಸುಮಾರು ೩೦೦೦ ಮೀಟರ್ ಆಳಕ್ಕೆ ಇಳಿಯುವುದೆಂದು ಹೇಳುತ್ತದೆ. ಇದು ಶುದ್ಧ ಬೊಗಳೆಯೆಂದು ನಾವು ನಕ್ಕೆವು. ಹುಡುಕಿ ನೋಡಿದಾಗ ನಗೆ ನಿಂತಿತು. ಕ್ಯೂವಿಯೇ ಎಂಬ ಪ್ರಾಣಿಶಾಸ್ತ್ರಜ್ಞನ ಹೆಸರನ್ನು ಹೊತ್ತ, ಕೊಕ್ಕಿನಂತಹ ಮೂತಿಯ ತಿಮಿಂಗಿಲವೊಂದು ಕ್ಯಾಲಿಫೋರ್ನಿಯದ ಕಡಲಿನಲ್ಲಿ ೨೯೯೨ ಮೀಟರ್ ಆಳಕ್ಕೆ ಮುಳುಗಿ ಬಂದುದನ್ನು ವಿಜ್ಞಾನಿಗಳು ಉಪಕರಣದಿಂದ ಅಳೆದು ೨೦೧೪ರಲ್ಲಿ ಪ್ರಕಟಿಸಿರುವರು. ಅದರ ಸ್ನಾಯುಗಳಲ್ಲಿ ಮಯೋಗ್ಲೋಬಿನ್ ಎಂಬ ದ್ರವ್ಯವು ಹೇರಳವಾಗಿದ್ದು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದು. ಶ್ವಾಸಕೋಶವು ನೀರಿನ ಒತ್ತಡಕ್ಕೆ ಕುಗ್ಗಿದರೂ ಅದು ಸ್ನಾಯುವಿನ ಈ ಉಗ್ರಾಣದಿಂದ ಕಾಲ ಕಳೆಯುವುದು. ಆಟದವರ ತೂಕ ತಪ್ಪು. ಆಳ ಮಾತ್ರ ನಿಜಕ್ಕೆ ಬಲು ಹತ್ತಿರ.

ಎರಡನೆಯದು ಚಾರಿಜಾರ್ಡ್ ಎಂಬ, ಬೆಂಕಿಯುಗುಳುತ್ತ ಹಾರುವ ಉರಗ. ಎತ್ತರ ೧.೭ ಮೀಟರ್, ತೂಕ ೯೦.೫ ಕಿಲೋಗ್ರಾಂ. ಇಂದು ಹಾರಬಲ್ಲ ಹಕ್ಕಿಗಳಲ್ಲಿ ಅತ್ಯಂತ ಭಾರವಾದವೂ ೨೦ ಕಿಲೋಗ್ರಾಮಿನ ಆಸುಪಾಸಿನಲ್ಲಿಯೇ ನಿಲ್ಲುವುವು. ಲಕ್ಷಾಂತರ ವರ್ಷಗಳ ಹಿಂದೆ ಅರ್ಜೆಂಟೀನದಲ್ಲಿದ್ದು ಅಳಿದುಹೋದ ಅರ್ಜೆಂಟಾವಿಸ್ ಎಂಬ ಹಕ್ಕಿ ಸುಮಾರು ೭೦ ಕಿಲೋಗ್ರಾಂ ತೂಗುತ್ತಿದ್ದಿತು. ಅದರ ರೆಕ್ಕೆಗಳ ಹರವು ಆರೇಳು ಮೀಟರ್. ಚಾರಿಜಾರ್ಡ್ ಹಾರಬೇಕಾದರೆ ಅದಕ್ಕೂ ಇಂಥದೇ ರೆಕ್ಕೆಗಳು ಬೇಕು. ಇನ್ನೂ ಒಂದು ತೊಡಕುಂಟು. ಅದಕ್ಕೆ ಕಾಲು ಎರಡು, ಕೈ ಎರಡು, ಮೇಲೆ ರೆಕ್ಕೆ ಎರಡು. ಬೆನ್ನೆಲುಬುಳ್ಳ ಪ್ರಾಣಿಗಳಿಗೆ ಅಂಗಗಳು ನಾಲ್ಕೇ. ಹಕ್ಕಿಯಾಗಲಿ ಬಾವಲಿಯಾಗಲಿ ರೆಕ್ಕೆಯನ್ನು ಪಡೆದುದು ಕೈಗಳನ್ನು ತೆತ್ತು. ನಮ್ಮ ದೇವಾಲಯಗಳಲ್ಲಿ ಕೈಮುಗಿದು ನಿಂತಿರುವ ಗರುಡನನ್ನು ಕುರಿತೂ ಶಾಸ್ತ್ರಜ್ಞನು ಇದೇ ಆಕ್ಷೇಪವನ್ನು ಎತ್ತಬಹುದು. ಆದರೆ ಗರುಡನನ್ನು ತೂಗಿ ಪಟ್ಟಿ ಬರೆದವರಿಲ್ಲವಾದುದರಿಂದ ಅವನು ಪಾರಾದನು!

ಬೆಂಕಿಯ ಮಾತು ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕತಕ್ಕುದಲ್ಲ. ಬಾಂಬಾರ್ಡಿಯರ್ ಎಂಬ ಜೀರುಂಡೆಗಳುಂಟು. ನಮ್ಮ ದೇಶದಲ್ಲಿಯೂ ಇವೆ. ಇವುಗಳ ಹೊಟ್ಟೆಯ ಹಿಂಭಾಗದ ಚೀಲದಲ್ಲಿ ಹೈಡ್ರೋಕ್ವಿನೋನ್, ಹೈಡ್ರೋಜನ್ ಪೆರಾಕ್ಸೈಡ್ ಎಂಬ ದ್ರವ್ಯಗಳು ಸಂಗ್ರಹವಾಗಿರುವುವು. ಶತ್ರುವು ಮೇಲೆ ಬಿದ್ದಾಗ ಜೀರುಂಡೆಯು ಅವನ್ನು ಪಕ್ಕದ ಗಟ್ಟಿಗೋಡೆಯ ಕೋಣೆಗೆ ನೂಕುವುದು. ಅಲ್ಲಿರುವ ಕಿಣ್ವಗಳು ಸೇರಿದೊಡನೆ ದ್ರವವು ಕುದಿದು, ಸುಮಾರು ೧೦೦ ಡಿಗ್ರಿ ಶಾಖದಲ್ಲಿ ಸದ್ದುಮಾಡುತ್ತ ಚಿಮ್ಮುವುದು. ಇದು ಜ್ವಾಲೆಯಲ್ಲ, ಕುದಿನೀರಿನಂತಹ ವಿಷದ ಎರಚು. ಆದರೂ ಸುಡುವುದನ್ನು ಮೈಯೊಳಗಿಟ್ಟುಕೊಂಡು ತಾನು ಬೇಯದೆ ಬದುಕುವ ಉಪಾಯವು ಇಲ್ಲಿದೆ. ಬೇರೆಬೇರೆಯಾಗಿ ಇಡು, ಬೇಕಾದಾಗ ಮಾತ್ರ ಬೆರೆಸು.

ಮೂರನೆಯದು ಎಲ್ಲ ಮಕ್ಕಳಿಗೂ ಪ್ರಿಯವಾದ ಪಿಕಾಚು. ೬ ಕಿಲೋಗ್ರಾಮಿನ ಈ ಇಲಿಯಂತಹ ಪ್ರಾಣಿ ಕೆನ್ನೆಯ ಚೀಲಗಳಲ್ಲಿ ವಿದ್ಯುತ್ತನ್ನು ತುಂಬಿಕೊಂಡು ಸಿಡಿಲಿನಂತೆ ಹೊಡೆಯುವುದು. ವಿದ್ಯುತ್ತನ್ನು ಉತ್ಪಾದಿಸುವ ಜೀವಿಗಳು ಜಗತ್ತಿನಲ್ಲಿ ಇಲ್ಲದಿಲ್ಲ. ಅಮೆಜಾನ್ ಪ್ರಾಂತದ ವಿದ್ಯುತ್ ಹಾವುಮೀನುಗಳ ಒಂದು ಜಾತಿಯಲ್ಲಿ ೮೬೦ ವೋಲ್ಟುಗಳನ್ನು ಅಳೆದಿರುವುದಾಗಿ ೨೦೧೯ರಲ್ಲಿ ಪ್ರಕಟವಾಗಿದೆ. ಒಂದೊಂದು ಕೋಶದಿಂದ ಹುಟ್ಟುವುದು ಒಂದು ವೋಲ್ಟಿನ ಅಲ್ಪ ಭಾಗ ಮಾತ್ರ; ಸಾವಿರಾರು ಕೋಶಗಳು ಸಾಲಾಗಿ ನಿಂತು ಒಮ್ಮೆಗೇ ದುಡಿದಾಗ ಅಷ್ಟು ಬಲ ಬರುವುದು. ಇಟಲಿಯ ವೋಲ್ಟಾ ೧೮೦೦ರಲ್ಲಿ ಮೊದಲ ಬ್ಯಾಟರಿಯನ್ನು ಕಟ್ಟಿದಾಗ ಮೀನಿನ ವಿದ್ಯುದಂಗವನ್ನೇ ಅದಕ್ಕೆ ಹೋಲಿಕೆಯಾಗಿ ಹೇಳಿದನು. ಆ ಹಾವುಮೀನಿನ ಮೈಯ ಬಹುಪಾಲು ವಿದ್ಯುತ್ತಿನ ಅಂಗಗಳೇ ಆಗಿದ್ದು, ಜಠರಾದಿಗಳೆಲ್ಲ ತಲೆಯ ಬಳಿ ಮುದುಡಿಕೊಂಡಿವೆ. ಎರಡು ಕೆನ್ನೆಗಳಲ್ಲಿ ಈ ಸಂಸಾರ ಹಿಡಿಸಲಾರದು.

ಅದಲ್ಲದೆ ನೀರು ವಿದ್ಯುತ್ತನ್ನು ಸಾಗಿಸುವಂತೆ ಗಾಳಿ ಸಾಗಿಸದು. ಆದುದರಿಂದ ನಿಜವಾದ ಪಿಕಾಚು ನದಿಯ ದಡದಲ್ಲಿರಬೇಕು, ದಪ್ಪ ಬಾಲವನ್ನೆಲ್ಲ ವಿದ್ಯುತ್ ಕೋಶಗಳಿಂದ ತುಂಬಿಕೊಂಡಿರಬೇಕು, ಶತ್ರುವನ್ನು ಮುಟ್ಟಿಯೇ ಹೊಡೆಯಬೇಕು. ಮುಟ್ಟಿ ಹೊಡೆಯುವ ಕ್ರಮವೂ ನಿಜದಲ್ಲಿ ಉಂಟು. ಹಾವುಮೀನುಗಳು ನೀರಿನಿಂದ ಮೇಲಕ್ಕೆ ನೆಗೆದು ಕುದುರೆಗಳನ್ನು ಹೊಡೆದುವೆಂದು ೧೮೦೦ರಲ್ಲಿ ವೆನಿಜುವೆಲದಲ್ಲಿ ಸಂಚರಿಸಿದ ಹಂಬೋಲ್ಟ್ ಬರೆದಾಗ ಹಲವರು ಸಂದೇಹಪಟ್ಟರು. ಕೆನೆತ್ ಕಟೇನಿಯ ಎಂಬ ಅಮೆರಿಕದ ವಿಜ್ಞಾನಿ ೨೦೧೬ರಲ್ಲಿ, ಈ ಮೀನು ನೀರಿನಿಂದೆದ್ದು ಗಲ್ಲವನ್ನು ಎದುರಾಳಿಗೆ ಒತ್ತಿ ಹೊಡೆಯುವುದನ್ನು ತೋರಿಸಿಕೊಟ್ಟರು.

ನಾಲ್ಕನೆಯದು ಬಲ್ಬಸಾರ್, ಬೆನ್ನಮೇಲೆ ಗೆಡ್ಡೆಯನ್ನು ಹೊತ್ತು, ಬಿಸಿಲಿನಿಂದ ಪುಷ್ಟಿ ಪಡೆಯುವ ಮರಿ. ಇದನ್ನು ಕಂಡು ನಮ್ಮ ಮನೆಯವರು, “ಅಡಿಗೆಯ ತಾಪತ್ರಯವೇ ಇಲ್ಲ, ಪುಣ್ಯವಂತ ಪ್ರಾಣಿ” ಎಂದರು. ಉತ್ತರ ಅಮೆರಿಕದ ಪೂರ್ವತೀರದಲ್ಲಿ ಎಲೀಸಿಯ ಎಂಬ ಹಸಿರು ಕಡಲಹುಳು ಒಂದುಂಟು. ಅದು ಪಾಚಿಯನ್ನು ತಿಂದು ಅದರ ಹರಿತ್ಕಣಗಳನ್ನು ಮಾತ್ರ ಜೀರ್ಣಿಸದೆ ತನ್ನ ಮೈಯಲ್ಲಿ ಉಳಿಸಿಕೊಂಡು, ಬೇರೆ ಆಹಾರವಿಲ್ಲದೆ ತಿಂಗಳುಗಟ್ಟಲೆ ಜೀವಿಸಬಲ್ಲದು. ಆದರೆ ಅದರ ಮೈ ಎಲೆಯಂತೆಯೇ ತೆಳುವಾಗಿ ಹರಡಿಕೊಂಡಿದೆ. ಓಡಾಟವೋ ಬಹು ಕಡಮೆ. ಓಡುವ, ಕಾದಾಡುವ ಮೈಗೆ ಬೆನ್ನ ಮೇಲಿನ ನಾಲ್ಕು ಎಲೆಗಳ ಸಂಪಾದನೆ ಸಾಲದು. ಬಲ್ಬಸಾರ್ ಹಲ್ಲಿಯಂತೆ ತಣ್ಣನೆಯ ಮೈಯದಾಗಿ, ಹಗಲೆಲ್ಲ ಬಿಸಿಲಿಗೆ ಬೆನ್ನೊಡ್ಡಿ ಮಲಗಿದರೆ, ಬಿಸಿಲು ಅದಕ್ಕೆ ಉಪ್ಪಿನಕಾಯಿಯಷ್ಟು ಆದೀತು; ಊಟವನ್ನು ಬೇರೆ ಹುಡುಕಲೇಬೇಕು.

ಡೊಡುವೊವನ್ನು ಮರೆತಿಲ್ಲ. ಅದರ ಎರಡು ತಲೆಗಳು ಒಮ್ಮೆಗೇ ನಿದ್ರಿಸುವುದಿಲ್ಲ, ಸರದಿಯಂತೆ ಕಾವಲಿರುತ್ತವೆ ಎಂದು ಪಟ್ಟಿಯಲ್ಲಿದೆ. ಅಮೆರಿಕದಲ್ಲಿ ೧೯೯೯ರಲ್ಲಿ ಬಾತುಗಳನ್ನು ಸಾಲಾಗಿ ಮಲಗಿಸಿ ಪರೀಕ್ಷಿಸಿದಾಗ, ಸಾಲಿನ ತುದಿಯಲ್ಲಿದ್ದವು ಹೊರಗಡೆಯ ಕಣ್ಣನ್ನು ತೆರೆದಿಟ್ಟುಕೊಂಡು, ಅರ್ಧ ಮಿದುಳಿನಿಂದ ನಿದ್ರಿಸಿ ಅರ್ಧ ಮಿದುಳಿನಿಂದ ಎಚ್ಚರವಿದ್ದುದು ಕಂಡುಬಂದಿತು. ಕಾವಲಿಗೆ ಎರಡು ತಲೆಗಳೇ ಬೇಕಿಲ್ಲ. ಒಂದರಲ್ಲಿಯೇ ಕೆಲಸ ನಡೆಯುತ್ತದೆ.

ಕೊನೆಯದಾಗಿ ಒಂದು ಶಬ್ದವಿಚಾರ. ಸಂಸ್ಕೃತ ಓದಿದವರ ಚಪಲವೆಂದು ವಾಚಕರು ಕ್ಷಮಿಸಬೇಕು. ಆಟದಲ್ಲಿ ಕೇಟರ್‌ಪಿ ಎಂಬ ಹಸಿರು ಹುಳು ಗೂಡಾಗಿ, ಗೂಡು ಚಿಟ್ಟೆಯಾಗುವುದನ್ನು ‘ವಿಕಾಸ’ವೆಂದು ಕರೆದಿರುವರು. ಇದು ಸಲ್ಲದು. ಒಂದೇ ಜೀವಿಯು ತನ್ನ ಆಯುಸ್ಸಿನಲ್ಲಿಯೇ ಆಕಾರವನ್ನು ಬದಲಿಸುವುದು ರೂಪಾಂತರ. ವಿಕಾಸವೆಂಬುದು ಒಂದು ಜೀವಿಯಲ್ಲಿ ನಡೆಯುವುದಲ್ಲ. ತಲೆತಲಾಂತರಗಳಲ್ಲಿ, ಸಂತತಿಯಿಂದ ಸಂತತಿಗೆ ಉಂಟಾಗುವ ಸಣ್ಣ ವ್ಯತ್ಯಾಸಗಳಲ್ಲಿ ಬದುಕಿಗೆ ಒದಗಿದವು ಉಳಿದು ನಡೆಯುವುದು. ಇದನ್ನು ಮೊಮ್ಮಗನಿಗೆ ಎರಡು ಸಲ ಹೇಳಿದೆವು, ಅವನು ಆಕಳಿಸಿದನು.

ಮೂರನೆಯ ಸಲ ಹೇಳುವ ಅಗತ್ಯ ಬರಲಿಲ್ಲ. ಒಗ್ಗರಣೆಗೆಂದು ಹಿತ್ತಿಲಿನ ಕರಿಬೇವನ್ನು ಕೀಳಲು ಹೋದ ನಮ್ಮ ಮನೆಯವರು ಹುಳ ಬಿದ್ದಿದೆಯೆಂದು ಕೂಗಿದರು. ಅಂತಹ ಹುಳಗಳನ್ನು ಕಡ್ಡಿಯಿಂದ ಕೆಡವಿ ಮೆಟ್ಟಿಹಾಕುವುದು ನಮ್ಮ ಬಹುಕಾಲದ ಪದ್ಧತಿ. ಆದರೆ ಹುಡುಗನು ಓಡಿಬಂದು, “ಬೇಡ ತಾತ, ಇದು ಕೇಟರ್‌ಪಿ!” ಎಂದು ಅಡ್ಡ ನಿಂತನು. ಹಸಿರು ಮೈಯ ಹುಳುವನ್ನು ಹುಲ್ಲುಕಡ್ಡಿಯಿಂದ ಮುಟ್ಟಿದೊಡನೆ ಅದರ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದು ಹೊರಬಂದಿತು. ಕೂಡಲೇ ಒಂದು ಕಟು ವಾಸನೆ. ಆಟದ ಕೇಟರ್‌ಪಿಗೂ ತಲೆಯ ಮೇಲೆ ಕೆಂಪು ಕವಲುಕೊಂಬು, ಮುಟ್ಟಿದರೆ ದುರ್ವಾಸನೆ. ಕೆಲವು ದಿನಗಳಲ್ಲಿ ಹುಳು ಗೂಡಾಯಿತು. ಒಂದು ಬೆಳಗ್ಗೆ ಗೂಡೊಡೆದು, ಕಪ್ಪು ರೆಕ್ಕೆಯಲ್ಲಿ ಬಿಳಿಯ ಚುಕ್ಕೆಗಳ ಸಾಲುಳ್ಳ ಚಿಟ್ಟೆಯೊಂದು ಹೊರಬಂದು, ರೆಕ್ಕೆಯೊಣಗಿಸಿಕೊಂಡು ಹಾರಿಹೋಯಿತು. “ಇದರ ಹೆಸರೇನು ತಾತ?” ಎಂದು ಅವನು ಕೇಳಿದನು.

ನಮಗೆ ತಿಳಿದಿರಲಿಲ್ಲ. ಅರುವತ್ತು ವರ್ಷ ಕರಿಬೇವಿನ ಗಿಡದ ಪಕ್ಕದಲ್ಲಿಯೇ ಬಾಳಿ, ಭಾರುಂಡ, ಶರಭ, ಗಂಡಭೇರುಂಡಗಳ ಹೆಸರುಗಳನ್ನೆಲ್ಲ ಬಾಯಿಪಾಠವಾಗಿ ಬಲ್ಲ ನಾವು, ಮೆಟ್ಟಿಹಾಕುತ್ತಿದ್ದ ಹುಳುವು ಏನಾಗುವುದೆಂಬುದನ್ನು ಒಂದು ದಿನವೂ ಕೇಳಿಕೊಂಡವರಲ್ಲ. ಕೇಂಬ್ರಿಜ್‌ನವರು ಮಕ್ಕಳನ್ನು ಬಿಟ್ಟು ನಮ್ಮನ್ನು ಪರೀಕ್ಷಿಸಿದ್ದರೂ ಫಲವು ಬೇರೆಯಾಗುತ್ತಿರಲಿಲ್ಲ. ಅಜ್ಜ ಮೊಮ್ಮಗ ಕೂಡಿ ಹುಡುಕಿ ಕಂಡುಕೊಂಡ ಹೆಸರು ಕಾಮನ್ ಮಾರ್ಮನ್. ಶಾಸ್ತ್ರೀಯ ನಾಮ ಪ್ಯಾಪಿಲಿಯೊ ಪಾಲಿಟೀಸ್.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಮಗುವು ಇಲ್ಲದ ಪ್ರಾಣಿಯೊಂದನ್ನು ತೋರಿಸಲು ಬಂದಾಗ ಅದನ್ನು ಅಟ್ಟಬೇಡಿರಿ. ಅದು ಏನು ತಿನ್ನುತ್ತದೆ, ಹೇಗೆ ಮಲಗುತ್ತದೆ ಎಂದು ಕೇಳಿರಿ. ಉತ್ತರವನ್ನು ಹುಡುಕುತ್ತ ಹೋದರೆ ಇರುವ ಪ್ರಾಣಿಯೊಂದರ ಬಳಿಗೆ ಬಂದು ನಿಲ್ಲುವಿರಿ. ಅದು ನಿಮ್ಮ ಹಿತ್ತಿಲಿನಲ್ಲಿಯೇ ಇದ್ದೀತು. ನಮ್ಮ ಮನೆಯಲ್ಲಿ ಈಗ ಕರಿಬೇವಿನ ಗಿಡದ ಮೇಲೆ ಮತ್ತೆ ಐದು ಹುಳುಗಳಿವೆ. ಒಗ್ಗರಣೆಗೆ ಸೊಪ್ಪನ್ನು ಅಂಗಡಿಯಿಂದ ತರುತ್ತಿದ್ದೇವೆ.