ಐದು ಮಿಲಿಮೀಟರಿನ ಗೋಡೆ

ಒಂದು ಕಿಲೋ ತಾಮ್ರ ಐದು ಟನ್ ತೂಗುವ ಜಾಗ ಬೇಕೆಂದರೆ ಬಳ್ಳಾರಿ ಹತ್ತಿರದ ಕುಡತಿನಿಗೆ ಹೋದರೆ ಸಾಕು. ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರದಲ್ಲಿ 500 ಮೆಗಾವ್ಯಾಟಿನ ಜನರೇಟರುಗಳಿವೆ. ಇಂಥ ಯಂತ್ರದೊಳಗೆ ತಿರುಗುವ ರೋಟರಿಗೆ ಒಂದು ಮೀಟರಿಗಿಂತ ತುಸು ಹೆಚ್ಚು ವ್ಯಾಸ. ನಿಮಿಷಕ್ಕೆ 3,000 ಸುತ್ತು ಹೊಡೆಯುವಾಗ ಅದರ ಮೇಲ್ಮೈ ಗಂಟೆಗೆ 600 ಕಿಲೋಮೀಟರಿಗೂ ಮೀರಿದ ವೇಗದಲ್ಲಿರುತ್ತದೆ. ಅಂಚಿನ ಹತ್ತಿರ ಕೂತ ತಾಮ್ರವನ್ನು ಅದರ ತೂಕದ ಐದು ಸಾವಿರ ಪಟ್ಟು ಬಲ ಹೊರಕ್ಕೆ ಎಸೆಯಲು ನೋಡುತ್ತದೆ.

ಆ ತಾಮ್ರದ ಪಟ್ಟಿಗಳ ನಡುವೆ ಇರುವ ಇನ್ಸುಲೇಷನ್ ಒಂದು ಮಿಲಿಮೀಟರಿನಷ್ಟೂ ದಪ್ಪವಿಲ್ಲ. ತಮಾಷೆಯೆಂದರೆ, ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ ಇರುವುದು ಕೆಲವೇ ವೋಲ್ಟ್. ಬರೀ ವಿದ್ಯುತ್ತಿನ ಲೆಕ್ಕಕ್ಕೆ ಒಂದು ಹಾಳೆ ಕಾಗದ ಸಾಕಿತ್ತು. ಆದರೆ ಆ ಒತ್ತಡದಲ್ಲಿ, ಆ ಬಿಸಿಯಲ್ಲಿ ಕಾಗದ ಹಿಟ್ಟಾಗಿಬಿಡುತ್ತದೆ. ಅದಕ್ಕೇ ಗಾಜಿನ ನೂಲಿಗೆ ರಾಳ ಕುಡಿಸಿ ಮಾಡಿದ ಪಟ್ಟಿ. ವಿದ್ಯುತ್ತನ್ನು ತಡೆಯುವುದಕ್ಕಿಂತ ಜಜ್ಜಿಹೋಗದೆ ಉಳಿಯುವುದೇ ಅದರ ದೊಡ್ಡ ಉದ್ಯೋಗ.

ಅದರ ಹೊರಗೆ ಅಲುಗದೆ ನಿಂತ ಸ್ಟೇಟರಿನಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ 21,000 ವೋಲ್ಟ್, 16,000 ಆಂಪಿಯರ್. ತಾಮ್ರದಿಂದ ಪಕ್ಕದ ಕಬ್ಬಿಣಕ್ಕೆ 12,000 ವೋಲ್ಟಿನ ಅಂತರ. ನಡುವಿನ ಗೋಡೆ ಸುಮಾರು ಐದು ಮಿಲಿಮೀಟರ್. ಇಷ್ಟು ಸಾಲದೆಂಬಂತೆ, ಆ ತಾಮ್ರದ ಕೆಲವು ಎಳೆಗಳು ಟೊಳ್ಳು. ತಂಪು ಮಾಡಲು ಅವುಗಳೊಳಗೆ ನೀರು ಹರಿಯುತ್ತದೆ! ಲವಣವನ್ನೆಲ್ಲ ತೆಗೆದ ನೀರಿನಲ್ಲಿ ವಿದ್ಯುತ್ ಹರಿಯುವುದು ತೀರಾ ಕಡಿಮೆ. ಟೆಫ್ಲಾನ್ ಕೊಳವೆಗಳಲ್ಲಿ ಅದು ಬಂದು ಹೋಗುತ್ತದೆ.

ಐದು ಮಿಲಿಮೀಟರಿನ ಆ ಗೋಡೆಯ ಜೀವಾಳ ಅಭ್ರಕ, ನಮ್ಮ ಕಾಗೆಬಂಗಾರ. ಜಾರ್ಖಂಡಿನ ಕೊಡರ್ಮಾ ಒಂದು ಕಾಲದಲ್ಲಿ ಜಗತ್ತಿಗೆಲ್ಲ ಹಂಚಿದ ಖನಿಜ. ತೆಳುವಾದ ಅಭ್ರಕದ ಹಾಳೆ ಮಿಲಿಮೀಟರಿಗೆ ನೂರು ಸಾವಿರ ವೋಲ್ಟ್ ತಡೆಯಬಲ್ಲದು. ಇಲ್ಲಿ ಅದರ ಮೇಲೆ ಹೊರಿಸುವುದು ಎರಡೂವರೆ ಸಾವಿರ ಮಾತ್ರ. ಪ್ರಯೋಗಾಲಯದಲ್ಲಿ ಕೆಲವು ಪ್ಲಾಸ್ಟಿಕ್ ಫಿಲ್ಮುಗಳು ಅಭ್ರಕಕ್ಕೇ ಸಡ್ಡು ಹೊಡೆಯುತ್ತವೆ. ಆದರೂ ಅವನ್ನು ಇಲ್ಲಿ ನೆಚ್ಚಿಕೊಳ್ಳುವ ಹಾಗಿಲ್ಲ. ಇನ್ಸುಲೇಷನ್ನಿನ ಒಳಗೆ ಎಲ್ಲೋ ಉಳಿದ ಗುಳ್ಳೆಯಲ್ಲಿ ಕಿಡಿ ಏಳುತ್ತದೆ, ದಿನವೂ, ವರ್ಷಗಟ್ಟಲೆ. ಫಿಲ್ಮನ್ನು ಅದು ಗೆದ್ದಲು ಹಿಡಿದ ಹಾಗೆ ತಿಂದುಹಾಕುತ್ತದೆ. ಕಲ್ಲೇ ಆದ ಅಭ್ರಕದ ಮುಂದೆ ಕಿಡಿಯ ಆಟ ಹೆಚ್ಚು ನಡೆಯುವುದಿಲ್ಲ. ಕೋಷ್ಟಕದಲ್ಲಿ ದೊಡ್ಡ ಅಂಕಿ ಕಂಡ ಕೂಡಲೇ ವಸ್ತುವನ್ನು ಆರಿಸಿಬಿಡುವ ಎಂಜಿನಿಯರ್ ಮೂವತ್ತು ವರ್ಷದ ಲೆಕ್ಕ ಹಾಕಿಲ್ಲ ಎಂದೇ ಅರ್ಥ.

ಬಿಸಿಯ ಲೆಕ್ಕ ಬೇರೆ. ಉಷ್ಣತೆ ಪ್ರತಿ ಹತ್ತು ಡಿಗ್ರಿ ಏರಿದಂತೆ ಇನ್ಸುಲೇಷನ್ನಿನ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ 155 ಡಿಗ್ರಿ ತಾಳಬಲ್ಲ ವಸ್ತುವನ್ನು ಹಾಕಿ 130ಕ್ಕಿಂತ ಮೇಲೆ ಹೋಗದಂತೆ ಓಡಿಸುತ್ತಾರೆ. ಆ 25 ಡಿಗ್ರಿಯ ಸಂಯಮಕ್ಕೆ ಸಿಗುವ ಪ್ರತಿಫಲ ಐದು ಪಟ್ಟಿಗೂ ಮೀರಿದ ಆಯಸ್ಸು. ಜೊತೆಗೆ ಹಿಗ್ಗು ಕುಗ್ಗು: ಎಂಟು ಮೀಟರ್ ಉದ್ದದ ತಾಮ್ರ 60 ಡಿಗ್ರಿ ಬಿಸಿಯಾದರೆ ಎಂಟು ಮಿಲಿಮೀಟರ್ ಬೆಳೆಯುತ್ತದೆ, ಕಬ್ಬಿಣ ಅಷ್ಟು ಬೆಳೆಯುವುದಿಲ್ಲ. ಎರಡರ ನಡುವೆ ಸಿಕ್ಕಿಕೊಂಡಿರುವುದು ಅದೇ ಐದು ಮಿಲಿಮೀಟರ್.

ಎಲ್ಲಕ್ಕಿಂತ ನನ್ನನ್ನು ದಂಗುಬಡಿಸಿದ್ದು ನಡುಕದ ಲೆಕ್ಕ. ವಿದ್ಯುತ್ತು ಸೆಕೆಂಡಿಗೆ 50 ಆವರ್ತ. ಆದರೆ ಪ್ರವಾಹ ಹುಟ್ಟಿಸುವ ಬಲ ಅದರ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ಸ್ಟೇಟರಿನ ತಾಮ್ರದ ಕಡ್ಡಿಗಳು ನಡುಗುವುದು ಸೆಕೆಂಡಿಗೆ 100 ಬಾರಿ. ನಿಲ್ಲದೆ ಓಡಿದರೆ ವರ್ಷಕ್ಕೆ 315 ಕೋಟಿ ಪೆಟ್ಟು. ಕೂದಲೆಳೆಯಷ್ಟು ಸಡಿಲ ಸಿಕ್ಕರೂ ಕಡ್ಡಿ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಅಭ್ರಕವನ್ನು ಪುಡಿ ಮಾಡುತ್ತದೆ. ಶಾರ್ಟ್ ಸರ್ಕ್ಯೂಟ್ ಆಗಿ ಪ್ರವಾಹ ಹತ್ತು ಪಟ್ಟು ಏರಿತೆನ್ನಿ, ಪೆಟ್ಟಿನ ಬಲ ನೂರು ಪಟ್ಟು!

ಇದನ್ನೆಲ್ಲ ಬಿಗಿಹಿಡಿಯುವುದು ಕಡ್ಡಿಗಳನ್ನು ಕೂರಿಸಿದ ಕಬ್ಬಿಣದ ಸೀಳಿನ, ಅಂದರೆ ಸ್ಲಾಟಿನ, ಬಾಯಿಗೆ ಹೊಡೆದ ಬೆಣೆಗಳು. ಅವೂ ಗಾಜಿನ ನೂಲು ಮತ್ತು ರಾಳದವೇ. ರೋಟರನ್ನು ಹೊರಗೆಳೆದು ದುರಸ್ತಿಗೆ ಇಳಿದಾಗ ಸಣ್ಣ ಸುತ್ತಿಗೆಯಿಂದ ಒಂದೊಂದೇ ಬೆಣೆಯನ್ನು ತಟ್ಟಿ ಕಿವಿಗೊಡುತ್ತಾರೆ. ಟಣ್ ಎಂದರೆ ಬಿಗಿ. ಟೊಳ್ಳು ಸದ್ದು ಬಂದರೆ ಸಡಿಲ. ಸಡಿಲಾದವು ಮಿತಿ ಮೀರಿದರೆ ಆ ಸ್ಲಾಟಿನ ಬೆಣೆಗಳನ್ನೆಲ್ಲ ಬಿಚ್ಚಿ, ಅಡಿಗೆ ಹೊಸ ಪಟ್ಟಿ ಕೊಟ್ಟು, ಮತ್ತೆ ಹೊಡೆಯಬೇಕು.