ಸೈಕಲ್ಲಿನ ಬ್ರೇಕೂ ‘ಸಂಯೋಜಿತದ್ರವ್ಯ’ವೆಂಬ ಪದವೂ

ಕುಮಾರಪಟ್ಟಣವು ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದಲ್ಲಿದೆ. ಹೊಳೆಯ ಆಚೆಗೆ ಹರಿಹರ. ೧೯೭೦ರ ದಶಕದಲ್ಲಿ ಇಲ್ಲಿ ನೀಲಗಿರಿ ಮರದ ತಿರುಳಿನಿಂದ ವಿಸ್ಕೋಸೆಂಬ ಕೃತಕನಾರನ್ನು ತೆಗೆಯುವ ಉದ್ಯಮವು ನೆಲೆಗೊಂಡುದು ವಾಚಕರಲ್ಲಿ ಅನೇಕರಿಗೆ ವಿದಿತವೇ. ತಿರುಳನ್ನು ಕ್ಷಾರದಲ್ಲಿ ನೆನೆಯಿಸಿ, ಇಂಗಾಲದ ಡೈಸಲ್ಫೈಡಿನೊಡನೆ ಕೂಡಿಸಿ, ಜೇನಿನಂತೆ ಮಂದವಾದ ದ್ರವವನ್ನಾಗಿಸಿ, ಸೂಕ್ಷ್ಮರಂಧ್ರಗಳ ಮೂಲಕ ಆಮ್ಲದೊಳಕ್ಕೆ ಒತ್ತಿದರೆ ಅದು ಎಳೆಯಾಗಿ ಹೆಪ್ಪುಗಟ್ಟುತ್ತದೆ. ಈ ಊರಿನ ನಾರು ಬಟ್ಟೆಯ ನೂಲಿಗೆ ಸಲ್ಲತಕ್ಕದ್ದು. ಆದರೆ ಇದೇ ಜಾತಿಯ ಎಳೆಯನ್ನು ಗಾಳಿ ಸೋಕದಂತೆ ಸಾವಿರ ಡಿಗ್ರಿಗೂ ಮೀರಿ ಕಾಯಿಸಿ, ೧೯೫೦–೬೦ರ ದಶಕಗಳಲ್ಲಿ ಅಮೆರಿಕದವರು ಇಂಗಾಲದ ಎಳೆಗಳನ್ನು ಪಡೆದರು. ಈಗ ಅದಕ್ಕೆ ಹೆಚ್ಚಾಗಿ ಮೂಲವಾಗಿರುವುದು ಪಾಲಿಅಕ್ರಿಲೋನೈಟ್ರೈಲೆಂಬ ಬೇರೊಂದು ನಾರು. ಇಂತಹ ಎಳೆಗಳನ್ನು ಎಪಾಕ್ಸಿಯೆಂಬ ರಾಳದಲ್ಲಿ ಹುದುಗಿಸಿ ಪಂದ್ಯದ ಸೈಕಲ್ಲುಗಳ ಬ್ರೇಕಿನ ಹಿಡಿಗಳನ್ನೂ ರಿಮ್ಮುಗಳನ್ನೂ ಮಾಡುತ್ತಾರೆ.

ಇಂತಹ ಪದಾರ್ಥಕ್ಕೆ ಕನ್ನಡದಲ್ಲಿ ಏನೆನ್ನಬೇಕು? ‘ಸಂಯುಕ್ತ’ವೆಂಬುದು ಮೊದಲು ನಾಲಗೆಗೆ ಬರುವ ಮಾತು, ಆದರೆ ರಸಾಯನಶಾಸ್ತ್ರದ ಪಠ್ಯಗಳಲ್ಲಿ ಅದು ಬೇರೊಂದು ಅರ್ಥದಲ್ಲಿ ರೂಢವಾಗಿದೆ. ಜಲಜನಕ ಆಮ್ಲಜನಕಗಳು ಸಂಯುಕ್ತವಾಗಿ ನೀರಾದ ಮೇಲೆ ಎರಡರ ಗುಣವೂ ಅಲ್ಲಿ ಕಾಣದು. ಇಲ್ಲಿಯಾದರೋ ಎಳೆ ಎಳೆಯಾಗಿಯೂ ರಾಳ ರಾಳವಾಗಿಯೂ ಉಳಿಯುತ್ತವೆ. ಹುಲ್ಲು ಕಲಸಿದ ಮಣ್ಣಿನ ಗೋಡೆಯೂ ಇದೇ ಬಗೆಯದು. ಸಮಾಸದಲ್ಲಿ ಪದಗಳು ಕೂಡಿ ಏಕಾರ್ಥವನ್ನು ಕೊಟ್ಟರೂ ವಿಗ್ರಹವಾಕ್ಯದಲ್ಲಿ ಮರಳಿ ಬಿಡಿಯಾಗುವುದಿಲ್ಲವೆ? ರಾಳವನ್ನು ಸುಟ್ಟು ಕಳೆದರೆ ಎಳೆಗಳು ಹಾಗೆಯೇ ಉಳಿಯುತ್ತವೆ. ಆದಕಾರಣ ‘ಸಮಸ್ತದ್ರವ್ಯ’ವೆನ್ನಬಹುದಿತ್ತು, ಓದುಗರು ‘ಎಲ್ಲ ದ್ರವ್ಯ’ವೆಂದು ಗ್ರಹಿಸುವ ಅಪಾಯವುಂಟು. ‘ಸಂಯೋಜಿತದ್ರವ್ಯ’ವೇ ಯುಕ್ತವೆಂದು ನನ್ನ ಮತ.

ಇದು ಶ್ರೀಮಂತರ ಸೈಕಲ್ಲಿಗೆ ಮಾತ್ರ ಸೇರಿದ ಸಂಗತಿಯೆಂದು ಭಾವಿಸಬಾರದು. ನಮ್ಮ ಶಾಲಾಬಾಲಕರ ಸೈಕಲ್ಲಿನ ಬ್ರೇಕ್ ರಬ್ಬರು ಕೂಡ ಬರಿಯ ರಬ್ಬರಲ್ಲ. ಇಂಗಾಲದ ಕಾಡಿಗೆಯನ್ನೂ ಬೇರೆ ಪುಡಿಗಳನ್ನೂ ಬೆರೆಸಿ, ಗಂಧಕದಿಂದ ಹದಗೊಳಿಸಿದುದು. ಶುದ್ಧರಬ್ಬರು ಮೆತುವಾಗಿ ಬೇಗನೆ ಸವೆಯುತ್ತದೆ. ಡಿಸ್ಕ್ ಬ್ರೇಕಿನ ಬಿಲ್ಲೆಗಳಲ್ಲಿ ಒಂದು ಜಾತಿಯವು ಅರಾಮಿಡ್ ನಾರು, ಖನಿಜಚೂರ್ಣ ಮೊದಲಾದವನ್ನು ರಾಳದಿಂದ ಬಂಧಿಸಿದವು.

ಹೆಸರಿನ ವಿಚಾರವು ಪ್ರಾಣದ ವಿಚಾರವಾಗುವುದು ಘಟ್ಟದ ಇಳಿಜಾರಿನಲ್ಲಿ. ಬ್ರೇಕು ಚಲನೆಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ಅಲ್ಯೂಮಿನಿಯಮ್ಮಿನ ರಿಮ್ಮು ಆ ಶಾಖವನ್ನು ಬೇಗನೆ ಹರಡಿ ಗಾಳಿಗೆ ಬಿಟ್ಟುಕೊಡುತ್ತದೆ. ಇಂಗಾಲದ ರಿಮ್ಮಿನಲ್ಲಿ ಅದು ಉಜ್ಜಿದ ಕಡೆಯಲ್ಲಿಯೇ ಬಹುಮಟ್ಟಿಗೆ ನಿಲ್ಲುತ್ತದೆ. ಎಳೆಗೆ ಆ ಉಷ್ಣದಿಂದ ಬಾಧೆಯಿಲ್ಲ, ಆದರೆ ರಾಳವು ಮೆತ್ತಗಾಗುತ್ತದೆ. ರಿಮ್ಮಿನ ಅಂಚು ಸೊಟ್ಟಾಗಿ ಟ್ಯೂಬು ಸಿಡಿಯಬಹುದು. ಬಂಧಿಸಿದ್ದು ಸೋತರೆ ಬಂಧಿತವಾದುದರ ಬಲವು ನಿಷ್ಪ್ರಯೋಜಕ. ಆದುದರಿಂದ ಅಂಥ ರಿಮ್ಮಿಗೆ ಸಾಮಾನ್ಯ ರಬ್ಬರನ್ನು ಹಾಕಕೂಡದು. ಬೆಂಡು ಬೆರೆಸಿದುವೇ ಮೊದಲಾದ ಬೇರೆ ಬಿಲ್ಲೆಗಳಿವೆ. ಡಿಸ್ಕ್ ಬ್ರೇಕಿನಲ್ಲಿ ಈ ತೊಡಕಿಲ್ಲ, ಏಕೆಂದರೆ ಶಾಖವು ಲೋಹದ ತಟ್ಟೆಯ ಪಾಲಿಗೆ ಬರುತ್ತದೆ.

ಇನ್ನೊಂದು ಮಾತು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅರಿಸಮಾಸವನ್ನು, ಎಂದರೆ ಸಂಸ್ಕೃತಪದವೂ ಕನ್ನಡಪದವೂ ಕೂಡುವುದನ್ನು, ವಿಚಾರಿಸಿರುವನಷ್ಟೆ. ಇಂಗಾಲಕ್ಕೂ ಅಲ್ಯೂಮಿನಿಯಮ್ಮಿಗೂ ಅಂಥದೇ ವೈರ. ಎರಡೂ ನೇರವಾಗಿ ತಾಗಿದ್ದು ನಡುವೆ ಬೆವರಿನ ಉಪ್ಪುನೀರು ಸೇರಿದರೆ ವಿದ್ಯುತ್ಕ್ರಿಯೆಯುಂಟಾಗಿ ಅಲ್ಯೂಮಿನಿಯಮ್ಮು ತಿಂದುಹೋಗುತ್ತದೆ. ವೈಯಾಕರಣರು ಬಿರುದಾವಳಿ ಮೊದಲಾದ ಕೆಲವೆಡೆ ಅರಿಸಮಾಸಕ್ಕೆ ಸಮ್ಮತಿಯಿತ್ತಂತೆ, ಕುಶಲರಾದ ಕೆಲಸಗಾರರು ಎರಡರ ನಡುವೆ ಗಾಜಿನ ನಾರಿನ ತೆಳುವಾದ ಪದರವೊಂದನ್ನಿಟ್ಟು ಈ ಕೂಟವನ್ನೂ ನಿಭಾಯಿಸುತ್ತಾರೆ.